ಗಂಧೆ

ಸಂಜೆಯ ಗಾಡಿ ಶಿವನಿ ಕಡೆ ಹೋದ ಮೇಲೆ
ಏಳುತ್ತದೆ ಮೊಣಕೈಯ ಒಳಮಗ್ಗುಲಲ್ಲಿ
ಮೊದಲೊಂದು ದದ್ದು, ಅದಕ್ಕೊಂದು ಜೊತೆ,
ಆಮೇಲೆ ಲೆಕ್ಕವಿಲ್ಲ.

ಲೆಕ್ಕವೇ ನನ್ನ ಕೆಲಸ.
ಅಜ್ಜಂಪುರದ ಈರುಳ್ಳಿ ಗೋದಾಮಿನಲ್ಲಿ ತೂಕ ಬರೆಯುವವಳು.
ಪುಸ್ತಕ ಕೈಗೆ ಸಿಗದ ಒಂದು ದಿನ
ಮುಂಗೈ ಮೇಲೆ ಉಗುರಲ್ಲಿ ಗೀಚಿಕೊಂಡೆ: ೪೮.
ಎರಡು ನಿಮಿಷಕ್ಕೆ ಅಂಕಿ ಉಬ್ಬಿ ನಿಂತಿತು
ಅಚ್ಚುಮೊಳೆಯ ಹಾಗೆ.
ಹಮಾಲಿ ಹುಡುಗರು ನಕ್ಕರು,
"ಅಕ್ಕಂಗೆ ಇನ್ನು ಪುಸ್ತಕ ಯಾಕೆ?"

ಅವ್ವ ಪಿತ್ತ ಅಂದಳು. ಕರಿಕಂಬಳಿಯಲ್ಲಿ ಉಜ್ಜಿದಳು,
ದೊಡ್ಡಪತ್ರೆ ಹಿಂಡಿ ಸವರಿದಳು.
ಕಂಬಳಿಗೆ ಇನ್ನಷ್ಟು ಎದ್ದಿತು.
ಎಲೆಗೆ ಕೊಂಚ ತಣ್ಣಗಾಯಿತು.
ಯಾಕೆಂದು ಅವ್ವನಿಗೂ ಗೊತ್ತಿಲ್ಲ, ಎಲೆಗೂ.

ಡಾಕ್ಟರ್ ತಸ್ನೀಮ್ ಚೀಟಿಯ ಬೆನ್ನಿಗೆ ಒಂದು ಸುತ್ತು ಬರೆದರು,
ಒಳಗೆ ಚುಕ್ಕಿ, ಚುಕ್ಕಿ, ಚುಕ್ಕಿ:
ಸಾಸಿವೆ ಡಬ್ಬಿಯೊಳಗೆ ಇಣುಕಿದಂತೆ.
"ಮಾಸ್ಟ್ ಕೋಶ. ಚರ್ಮದಡಿ ಕಾವಲಿರುತ್ತೆ.
ಬೆದರಿದರೆ ಡಬ್ಬಿ ಮಗುಚಿಬಿಡುತ್ತೆ.
ಚೆಲ್ಲುವುದು ಹಿಸ್ಟಮಿನ್. ನಿಮ್ಮ ತುರಿಕೆ ಅದೇ."

"ಯಾತಕ್ಕೆ ಬೆದರುತ್ತೆ?"

"ಹಿಂದೊಮ್ಮೆ ಬೆದರಿದ್ದನ್ನು ಮರೆತಿರಲ್ಲ. ಕೆಲವು ಸಲ
ಯಾತಕ್ಕೂ ಇಲ್ಲ."

ನನಗೆ ಲೋಕ್ಯಾ ನಾಯ್ಕ ನೆನಪಾದ,
ಗೋದಾಮಿನ ರಾತ್ರಿ ಕಾವಲಿನವನು.
ಈರುಳ್ಳಿ ಕೆಜಿಗೆ ನೂರು ದಾಟಿದ ವರ್ಷ
ಹನ್ನೆರಡು ಚೀಲ ಹೊತ್ತವರು
ಅವನನ್ನು ತಕ್ಕಡಿ ಕಂಬಕ್ಕೆ ಬಿಗಿದು ಹೋಗಿದ್ದರು.
ಅಂದಿನಿಂದ ಬೆಕ್ಕಿಗೂ ಸೀಟಿ,
ಟಾರ್ಪಾಲು ಪಟಗುಟ್ಟಿದರೂ ಸೀಟಿ,
ಬುತ್ತಿ ತಂದ ಸ್ವಂತ ಹೆಂಡತಿಗೂ ಸೀಟಿ.
ಸೀಟಿಗೆ ನಾಯಿ, ನಾಯಿಗೆ ಬೀದಿ,
ಬೀದಿಗೆ ಅರ್ಧ ಊರು ಎದ್ದು ದೊಣ್ಣೆ ಹಿಡಿದು,
ಬೆಳಗ್ಗೆ ನೋಡಿದರೆ ಒಂದು ಗಡ್ಡೆಯೂ ಕದಲಿಲ್ಲ.
ಬೈದಿದ್ದೇನೆ ನಾನೂ.
ಅವನು ಕಾಯುತ್ತಿದ್ದದ್ದು ನಮ್ಮನ್ನೇ.

"ಒಂದು ತಮಾಷೆ ಕೇಳಿ," ಅಂದರು ಡಾಕ್ಟರು.
"ನೀವು ಗುಡಿಸಿ ಹೊರಗೆ ಹಾಕುವ ಕೆಂಪು ಸಿಪ್ಪೆಯಲ್ಲಿ
ಕ್ವೆರ್ಸೆಟಿನ್ ಅಂತ ಒಂದು ಆಂಟಿಆಕ್ಸಿಡೆಂಟ್.
ಬೆದರಿದ ಕೋಶದೊಳಗೆ ಕಿಡಿ ಹಾರುತ್ತೆ,
ಕಿಡಿ ಕಂಡು ಕೋಶ ಇನ್ನೂ ಬೆದರುತ್ತೆ.
ಇದು ಕಿಡಿಯನ್ನು ನುಂಗುತ್ತೆ,
ಡಬ್ಬಿ ಮಗುಚುವ ಕೈಯನ್ನೂ ತಡೆಯುತ್ತೆ,
ಗಾಜಿನ ತಟ್ಟೆಯಲ್ಲಿ. ಇಲಿಯಲ್ಲಿ, ಸ್ವಲ್ಪ."

"ನನ್ನಲ್ಲಿ?"

ಪೆನ್ನಿನ ಮುಚ್ಚಳ ಹುಡುಕಿದರು. ಮೇಜಿನಡಿ ಬಿದ್ದಿತ್ತು.
ಎದ್ದು ಕೂತು ಹೇಳಿದರು:
"ಬಹುದು.
ಸಿಪ್ಪೆ ಕುದಿಸಿ ಕುಡಿದು ಮಾತ್ರೆ ಬಿಟ್ಟೀರಿ, ಜೋಕೆ."

ಗೋದಾಮಿನ ಹಿಂದೆ ಸಿಪ್ಪೆಯ ರಾಶಿ, ಮೊಣಕಾಲುದ್ದ.
ಗಾಳಿಗೆ ಎದ್ದು ರೈಲು ಕಂಬಿಯವರೆಗೆ ಹೋಗಿ
ಮನಸ್ಸು ಬದಲಿಸಿ ಮರಳುತ್ತಿತ್ತು.
ಒಂದನ್ನು ಹಿಡಿದು ಬಿಸಿಲಿಗೆ ಎತ್ತಿದೆ:
ತಾಮ್ರದ ಬಣ್ಣ, ನರ ನರ, ತೂಕವೇ ಇಲ್ಲ.
ಹದಿನೇಳು ವರ್ಷ ಇದನ್ನು
ಚೀಲದ ತೂಕದಲ್ಲಿ ಕಳೆಯುತ್ತ ಬಂದವಳು ನಾನು.
ಕಣ್ಣು ಉರಿಸುವ ಗಡ್ಡೆಯೇ
ಹೊಲಿದುಕೊಂಡ ಅಂಗಿ ಇದು.

ಮುಂಗೈ ಮೇಲೆ ಉಗುರಲ್ಲಿ ಬರೆದೆ: ಬಹುದು.
ಎದ್ದಿತು, ಮೂರೂ ಅಕ್ಷರ.
ಚೀಲ ಎಣಿಸಿ ಮುಗಿಸುವಷ್ಟರಲ್ಲಿ 'ದು' ಅಳಿಸಿತ್ತು,
'ಬಹು' ಇನ್ನೂ ಕೆಂಪಗಿತ್ತು.

ರಾತ್ರಿ ಬೀಗ ಹಾಕಿ ಹೊರಡುವಾಗ
ತಿರುವಿನಲ್ಲೇ ನಿಂತು, ದೂರದಿಂದ ಕೂಗಿದೆ,
"ನಾಯ್ಕಣ್ಣಾ, ನಾನು, ತೂಕದ ಕಮಲಾಕ್ಷಿ."
ಆದರೂ ಊದಿದ.
ಅರ್ಧಕ್ಕೆ ನಿಲ್ಲಿಸಿದ.
ನಾಯಿಯೊಂದೇ ತಲೆ ಎತ್ತಿತು, ಬೀದಿ ಮಲಗಿಯೇ ಇತ್ತು.
ಅವನ ಪಕ್ಕದ ಕಲ್ಲಿನ ಮೇಲೆ ಕೂತೆ.
ಕೈ ತುರಿಸುತ್ತಿತ್ತು.
ಮಾತ್ರೆ ನುಂಗಲು ನೀರು ಕೇಳಿದೆ.